ಸುಡಾನಿಯ ಹೆಸರು

2023ರ ಫೆಬ್ರವರಿಯಲ್ಲಿ ಪಳ್ಳಿಕ್ಕುನ್ನಿನ ಲೂರ್ದು ಮಾತೆಯ ಹಬ್ಬಕ್ಕೆಂದು ನಾನೂ ನಮ್ಮ ಮನೆಯವರೂ ಮೈಸೂರಿನಿಂದ ವಯನಾಡಿಗೆ ಹೋಗಿದ್ದೆವು. ಕಲ್ಪೆಟ್ಟದ ಹತ್ತಿರ ನನ್ನ ಷಡ್ಡಕರ ಮನೆಯಿದೆ. ಹಬ್ಬದ ಪೂಜೆ, ತೇರು, ಊಟ ಎಲ್ಲ ಮುಗಿದ ಮೇಲೆ ಸಂಜೆಯೇ ಹೊರಡಬೇಕೆಂದು ನನ್ನ ಯೋಚನೆ. ಆದರೆ ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವ ಹಾಗೆ, 2009ರಿಂದ ಬಂಡೀಪುರ ಕಾಡಿನ ಹೆದ್ದಾರಿಗೆ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ, ಬೆಳಿಗ್ಗೆ ಆರಕ್ಕೇ ತೆರೆಯುವುದು. ಕಾಫಿ ಕುಡಿಯುತ್ತಾ ಮಾತಿಗೆ ಕೂತು ತಡವಾಯಿತು. ಇನ್ನು ಮೂಲೆಹೊಳೆ ತಲುಪುವ ಹೊತ್ತಿಗೆ ಗೇಟು ಹಾಕಿರುತ್ತಾರೆ ಎಂದಾಗ ಷಡ್ಡಕರ ಮಗನಿಗೆ ಸಂತೋಷವೋ ಸಂತೋಷ. ಹನ್ನೊಂದನೇ ತರಗತಿಯ ಹುಡುಗ. “ದೊಡ್ಡಪ್ಪಾ, ಹಾಗಾದ್ರೆ ರಾತ್ರಿ ಸೆವೆನ್ಸ್‌ಗೆ ಹೋಗೋಣ. ನಮ್ಮ ಟೀಮಲ್ಲಿ ಇಬ್ಬರು ಸುಡಾನಿಗಳಿದ್ದಾರೆ, ಗೆದ್ದ ಹಾಗೇ!” ಎಂದ.

ಸೆವೆನ್ಸ್ ಎಂದರೆ ಏಳೇಳು ಜನರ ಫುಟ್ಬಾಲು. ಮಲಪ್ಪುರಂ, ಕೋಝಿಕ್ಕೋಡ್, ವಯನಾಡು, ಕಣ್ಣೂರು ಕಡೆಗಳಲ್ಲಿ ಮಳೆ ನಿಂತು ಕೊಯ್ಲು ಮುಗಿದ ಮೇಲೆ ಶುರುವಾಗಿ, ಮತ್ತೆ ಮುಂಗಾರು ಬರುವವರೆಗೆ ನಡೆಯುವ ಆಟ. ಕೊಯ್ಲಾದ ಗದ್ದೆಯೇ ಮೈದಾನ. ಅಡಿಕೆ ಮರ, ಬಿದಿರು, ಹಲಗೆ ಕಟ್ಟಿ ಸುತ್ತಲೂ ಗ್ಯಾಲರಿ ಎಬ್ಬಿಸುತ್ತಾರೆ. ನಾಲ್ಕು ಮೂಲೆಗೆ ದೀಪದ ಕಂಬ. ಹನ್ನೊಂದು ಜನರ ಆಟದ ಹಾಗೆ ಚೆಂಡು ಮಧ್ಯದಲ್ಲೇ ಸುತ್ತಾಡುತ್ತ ಕೂರುವುದಿಲ್ಲ. ಮೈದಾನ ಚಿಕ್ಕದು, ಈ ಗೋಲಿನಿಂದ ಆ ಗೋಲಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಿರುತ್ತದೆ. ಎಷ್ಟೋ ಟೂರ್ನಿಗಳನ್ನು ಊರಿನ ಕ್ಲಬ್ಬುಗಳು ಯಾರದೋ ಚಿಕಿತ್ಸೆಗೋ, ಹಾಸಿಗೆ ಹಿಡಿದ ರೋಗಿಗಳ ಆರೈಕೆ ಕೇಂದ್ರಕ್ಕೋ ಹಣ ಕೂಡಿಸಲು ನಡೆಸುತ್ತವೆ. ಫಿಫಾ ಮಂಜೇರಿ, ಅಲ್ ಮದೀನಾ ಚೆರ್ಪುಳಶ್ಶೇರಿ, ಸೂಪರ್ ಸ್ಟುಡಿಯೋ ಮಲಪ್ಪುರಂ, ಜವಾಹರ್ ಮಾವೂರು ಇಂಥ ತಂಡಗಳ ಹೆಸರು ಅಲ್ಲಿನ ಮಕ್ಕಳ ಬಾಯಲ್ಲಿ ಗುಣಾಕಾರ ಮಗ್ಗಿಯ ಹಾಗೆ ಬರುತ್ತದೆ. ಕುಟ್ಟದ ಗಡಿ ದಾಟಿ ಕೊಡಗಿಗೆ ಬಂದರೆ ಮನೆತನಗಳ ಹೆಸರಿನಲ್ಲಿ ಹಾಕಿ, ಆ ಕಡೆ ಹೋದರೆ ಊರುಗಳ ಹೆಸರಿನಲ್ಲಿ ಫುಟ್ಬಾಲು. ನಡುವೆ ಇರುವುದು ಒಂದು ಕಾಡು ಮಾತ್ರ.

ನಾವು ಹೋದಾಗ ಗ್ಯಾಲರಿ ತುಂಬಿತ್ತು. ಹೆಂಗಸರು, ಮುದುಕರು, ಮಡಿಲಲ್ಲಿ ಕೂಸುಗಳು. ಮೈಕಿನಲ್ಲಿ ಒಬ್ಬ ಉಸಿರು ಬಿಡದೆ ಮಲಯಾಳದಲ್ಲಿ ವಿವರಣೆ ಕೊಡುತ್ತಿದ್ದ. ನಮ್ಮ ಹುಡುಗ ಹೇಳಿದ ಇಬ್ಬರನ್ನೂ ನೋಡಿದೆ. ಎತ್ತರದ ಆಳುಗಳು, ಒಬ್ಬನ ಬೆನ್ನ ಮೇಲೆ 9 ಎಂದಿತ್ತು. ಆತ ಚೆಂಡು ಮುಟ್ಟಿದಾಗಲೆಲ್ಲ ಇಡೀ ಗ್ಯಾಲರಿ “ಸುಡಾನೀ... ಸುಡಾನೀ...” ಎಂದು ಕೂಗುತ್ತಿತ್ತು. ಎರಡು ಗೋಲು ಹೊಡೆದ. ಮೂರನೆಯದಕ್ಕೆ ನುಗ್ಗಿದಾಗ ಎದುರಾಳಿಯ ಕಾಲು ಮೊಣಕಾಲಿಗೆ ಬಡಿದು ಬಿದ್ದ, ಮತ್ತೆ ಎದ್ದು ಆಡಿದ.

ಆಟ ಮುಗಿದ ಮೇಲೆ ಕಟ್ಟನ್ ಚಾಯ ಕುಡಿಯಲು ನಿಂತಿದ್ದಾಗ ಅದೇ 9ನೇ ನಂಬರಿನವನು ಜೀಪಿನ ಹಿಂದೆ ಕೂತು ಮೊಣಕಾಲಿಗೆ ಐಸು ಇಟ್ಟುಕೊಂಡಿದ್ದ. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಚೆನ್ನಾಗಿ ಆಡಿದೆಯಪ್ಪಾ ಎಂದು ಹೇಳಿ, ಸುಡಾನಿನಲ್ಲಿ ಯಾವ ಊರು ಎಂದು ಕೇಳಿದೆ. ಆತ ನಕ್ಕುಬಿಟ್ಟ. ತಾನು ನೈಜೀರಿಯಾದವನು, ಸುಡಾನನ್ನು ನೋಡಿಯೇ ಇಲ್ಲ, ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ತಾನೂ ತಿರುಗಿ ನೋಡುತ್ತೇನೆ ಎಂದ. ಹೆಸರು ಕೇಳಿದೆ, ಹೇಳಿದ. ನಾಳೆ ಆಟ ಎಲ್ಲಿ ಎಂದರೆ ಪೆರಿಂದಲ್ಮಣ್ಣ ಅಂದ. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ರಾತ್ರಿಯೇ ಇಳಿದು ಹೋಗಬೇಕಿತ್ತು. ಜೀಪು ಹೊರಟಿತು.

ಈ ‘ಸುಡಾನಿ’ ಎಂಬ ಹೆಸರು ಹೇಗೆ ಬಂತೆಂದು ಷಡ್ಡಕರನ್ನು ಕೇಳಿದೆ. ಮೊದಮೊದಲು ಆಡಲು ಬಂದ ಆಫ್ರಿಕಾದ ಹುಡುಗರು ಸುಡಾನಿನ ವಿದ್ಯಾರ್ಥಿಗಳಂತೆ. ಆಮೇಲೆ ನೈಜೀರಿಯಾ, ಘಾನಾ, ಐವರಿ ಕೋಸ್ಟ್, ಲೈಬೀರಿಯಾ, ಕ್ಯಾಮರೂನ್ ಎಲ್ಲಿಂದ ಬಂದರೂ ಅದೇ ಹೆಸರು ಅಂಟಿಕೊಂಡಿತು ಎಂದು ಮಲಬಾರಿನಲ್ಲಿ ಹೇಳುತ್ತಾರೆ. 2018ರಲ್ಲಿ ಬಂದ ‘ಸುಡಾನಿ ಫ್ರಂ ನೈಜೀರಿಯಾ’ ಎಂಬ ಮಲಯಾಳ ಚಿತ್ರದ ತಮಾಷೆಯೂ ಇದೇ. ಝಕರಿಯಾ ನಿರ್ದೇಶಿಸಿದ ಆ ಚಿತ್ರವನ್ನು ಸಾಧ್ಯವಾದರೆ ಕುಟುಂಬ ಸಮೇತ ನೋಡಿ. ಕಾಲಿಗೆ ಪೆಟ್ಟಾಗಿ ಹಾಸಿಗೆ ಹಿಡಿದ ನೈಜೀರಿಯಾದ ಆಟಗಾರನನ್ನು ಮಲಪ್ಪುರದ ಒಂದು ಮುಸ್ಲಿಂ ಮನೆಯ ಇಬ್ಬರು ಅಜ್ಜಿಯರು ಭಾಷೆಯೇ ಗೊತ್ತಿಲ್ಲದೆ ನೋಡಿಕೊಳ್ಳುವ ಕಥೆ.

ಊರಿಗೆ ಬಂದ ಮೇಲೆ ಈ ವಿಷಯ ನನ್ನನ್ನು ಬಿಡಲಿಲ್ಲ. ಸುಡಾನಿಗೂ ಫುಟ್ಬಾಲಿಗೂ ಏನು ಸಂಬಂಧ ಎಂದು ಓದುತ್ತಾ ಹೋದೆ. ನಮ್ಮ ಪತ್ರಿಕೆಗಳಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗಿಗೆ ಪುಟಗಟ್ಟಲೆ ಜಾಗ. ಆಫ್ರಿಕಾ ಖಂಡಕ್ಕೂ ತನ್ನದೇ ಕ್ಲಬ್ ಕಪ್‌ಗಳಿವೆ ಎನ್ನುವುದು ನನಗಂತೂ ಅರವತ್ತು ದಾಟುವವರೆಗೆ ಗೊತ್ತಿರಲಿಲ್ಲ.

ಆಫ್ರಿಕಾದ ಫುಟ್ಬಾಲ್ ಒಕ್ಕೂಟ ಹುಟ್ಟಿದ್ದೇ ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ, 1957ರ ಫೆಬ್ರವರಿಯಲ್ಲಿ. ಸುಡಾನ್, ಈಜಿಪ್ಟ್, ಇಥಿಯೋಪಿಯಾ, ದಕ್ಷಿಣ ಆಫ್ರಿಕಾ ಈ ನಾಲ್ಕು ದೇಶ ಸೇರಿ ಕಟ್ಟಿದ್ದು. ಅದೇ ತಿಂಗಳು ಅಲ್ಲೇ ಮೊದಲ ಆಫ್ರಿಕಾ ರಾಷ್ಟ್ರಗಳ ಕಪ್ ನಡೆಯಿತು. ಆದರೆ ಆಡಿದ್ದು ಮೂರೇ ದೇಶ. ವರ್ಣಭೇದದ ಸರ್ಕಾರವಿದ್ದ ದಕ್ಷಿಣ ಆಫ್ರಿಕಾ ಬಿಳಿಯರೂ ಕರಿಯರೂ ಕೂಡಿದ ತಂಡವನ್ನು ಕಳಿಸಲು ಒಪ್ಪದೆ ಹೊರಗುಳಿಯಿತು. ಈಜಿಪ್ಟ್ ಗೆದ್ದಿತು. ಸುಡಾನಿನ ಸರದಿ ಬಂದದ್ದು 1970ರಲ್ಲಿ, ತನ್ನದೇ ನೆಲದಲ್ಲಿ ಘಾನಾವನ್ನು ಒಂದು ಗೋಲಿನಿಂದ ಸೋಲಿಸಿ.

ಕ್ಲಬ್ಬುಗಳ ಕಪ್ ಶುರುವಾದದ್ದು 1964ರಲ್ಲಿ. ಪ್ರತಿ ದೇಶದ ಲೀಗ್ ಗೆದ್ದ ತಂಡಗಳಿಗೆ ಅದು. ಮೊದಲ ವಿಜೇತರು ಕ್ಯಾಮರೂನಿನ ಒರಿಕ್ಸ್ ಡುವಾಲಾ. 1975ರಲ್ಲಿ ಇನ್ನೊಂದು ಕಪ್ ಬಂತು. ಪ್ರತಿ ದೇಶದ ನಾಕೌಟ್ ಕಪ್ ಗೆದ್ದವರು ಸೇರಿ ಆಡುವ ಕಪ್. ಅದರ ಮೊದಲ ವಿಜೇತರೂ ಕ್ಯಾಮರೂನಿನವರೇ, ಯೌಂಡೆಯ ಟೊನ್ನೇರ್ ತಂಡ. 1990ರ ವಿಶ್ವಕಪ್ಪಿನಲ್ಲಿ ಗೋಲು ಹೊಡೆದು ಮೂಲೆಯ ಬಾವುಟದ ಬಳಿ ಕುಣಿದ ರೋಜರ್ ಮಿಲ್ಲಾನನ್ನು ನಮ್ಮ ವಯಸ್ಸಿನವರು ಮರೆಯಲಾರರು. ಆತ 1975ರಲ್ಲಿ ಆಡುತ್ತಿದ್ದದ್ದು ಇದೇ ತಂಡಕ್ಕೆ. ಈ ಕಪ್‌ನ ಲೆಕ್ಕ ಸರಳ. ಎರಡು ತಂಡ ಎದುರಾದರೆ ಒಂದು ಆಟ ನಿಮ್ಮ ಊರಲ್ಲಿ, ಒಂದು ನಮ್ಮ ಊರಲ್ಲಿ. ಎರಡೂ ಸೇರಿಸಿ ಹೆಚ್ಚು ಗೋಲು ಯಾರದೋ ಅವರು ಮುಂದಕ್ಕೆ, ಸೋತವರು ಮನೆಗೆ. ಹೇಳಲು ಸುಲಭ. ಆದರೆ ಖಂಡದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ನೇರ ವಿಮಾನವಿಲ್ಲದ ಕಾಲದಲ್ಲಿ, ಬಡ ದೇಶಗಳ ಕ್ಲಬ್ಬುಗಳು ಆಟಗಾರರನ್ನು ಹೊತ್ತು ಹೋಗಿ ಬರಬೇಕಿತ್ತು.

ಇನ್ನು ನಾನು ಹೇಳಬೇಕೆಂದಿದ್ದ 1989ರ ಋತು. ಖಾರ್ಟೂಮಿನಿಂದ ನೈಲ್ ನದಿ ದಾಟಿದರೆ ಒಮ್ದುರ್ಮಾನ್ ಎಂಬ ಊರು. ಅಲ್ಲಿ ಎರಡು ದೊಡ್ಡ ಕ್ಲಬ್ಬುಗಳು: ಅಲ್ ಹಿಲಾಲ್, ಅಂದರೆ ಬಾಲಚಂದ್ರ, ಅಲ್ ಮರ್ರೀಖ್, ಅಂದರೆ ಮಂಗಳ ಗ್ರಹ. ಇವರಿಬ್ಬರ ಜಿದ್ದು ಅಲ್ಲಿನ ಮನೆಮನೆಗಳಲ್ಲಿ ಅಣ್ಣತಮ್ಮಂದಿರನ್ನೇ ಎರಡು ಪಾಳಯ ಮಾಡುವಂಥದ್ದು. ಚಂದ್ರನವರು 1987ರಲ್ಲಿ ಚಾಂಪಿಯನ್ನರ ಕಪ್‌ನ ಫೈನಲ್ ತಲುಪಿ ಕೈರೋದ ಅಲ್ ಅಹ್ಲಿಗೆ ಸೋತರು. 1992ರಲ್ಲಿ ಮತ್ತೆ ತಲುಪಿ ಮೊರಾಕ್ಕೋದ ವೈದಾದ್ ತಂಡಕ್ಕೆ ಸೋತರು. ಮಂಗಳದವರು ಮಾತ್ರ ನಡುವೆ, 1989ರಲ್ಲಿ, ನಾಕೌಟ್ ವಿಜೇತರ ಕಪ್ ಗೆದ್ದುಕೊಂಡು ಬಂದರು. ಆ ವರ್ಷ ಸುಡಾನಿನಲ್ಲಿ ಬದುಕು ಸಲೀಸಾಗಿರಲಿಲ್ಲ. ಜೂನ್ 30ರಂದು ಸೈನ್ಯ ಸರ್ಕಾರವನ್ನು ಉರುಳಿಸಿ ಒಮರ್ ಅಲ್ ಬಶೀರ್ ಅಧಿಕಾರ ಹಿಡಿದ. ಅಂಥ ವರ್ಷದಲ್ಲಿ ಒಂದು ಫುಟ್ಬಾಲ್ ತಂಡ ಗಡಿ ದಾಟಿ ದಾಟಿ ಆಡಿ ಫೈನಲ್ ತಲುಪಿತು.

ಫೈನಲ್ಲಿನಲ್ಲಿ ಎದುರಾಳಿ ಯಾರು ಗೊತ್ತೇ? ನೈಜೀರಿಯಾದ ಬೆಂಡಲ್ ಯುನೈಟೆಡ್. ಇದನ್ನು ಓದಿದಾಗ ನನಗೆ ಆ ರಾತ್ರಿಯ ಜೀಪು ನೆನಪಾಗಿ ನಗು ಬಂತು. ಎರಡು ಆಟ ಸೇರಿ ಬಿದ್ದದ್ದು ಒಂದೇ ಗೋಲು, ಅದು ಸುಡಾನಿನವರದು. ಒಂದು ಗೋಲಿನಿಂದ ಕಪ್ ಒಮ್ದುರ್ಮಾನಿಗೆ ಹೋಯಿತು. ಬೆಂಡಲ್ ಎಂಬುದು ಆಗ ನೈಜೀರಿಯಾದ ಒಂದು ರಾಜ್ಯ. 1991ರಲ್ಲಿ ಅದನ್ನೂ ಒಡೆದು ಎಡೋ, ಡೆಲ್ಟಾ ಎಂದು ಎರಡು ಮಾಡಿದರು. ಅಂತೂ ನಿಜವಾದ ಸುಡಾನಿಗಳು, ನಿಜವಾದ ನೈಜೀರಿಯನ್ನರು ಎದುರುಬದುರಾಗಿ ನಿಂತ ಆ ಫೈನಲ್ಲನ್ನು ಮಲಬಾರಿನ ಮೈಕಿನವನು ವಿವರಿಸಿದ್ದರೆ ಇಪ್ಪತ್ತೆರಡು ಜನರನ್ನೂ ಸುಡಾನಿ ಎಂದೇ ಕರೆಯುತ್ತಿದ್ದನೇನೋ!

ಸುಡಾನಿನ ಜನ ಆ ಕಪ್ಪನ್ನು ಇವತ್ತಿಗೂ ‘ಮಂಡೇಲಾ ಕಪ್’ ಎನ್ನುತ್ತಾರೆ. ಗಮನಿಸಿ, 1989ರಲ್ಲಿ ನೆಲ್ಸನ್ ಮಂಡೇಲಾ ಇನ್ನೂ ಜೈಲಿನಲ್ಲಿದ್ದರು. 27 ವರ್ಷದ ಸೆರೆವಾಸ ಮುಗಿಸಿ ಹೊರಬಂದದ್ದು 1990ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನವೇ. ವರ್ಣಭೇದದವರನ್ನು ಹೊರಗಿಟ್ಟು ಶುರುವಾದ ಒಕ್ಕೂಟದ ಒಂದು ಕಪ್‌ಗೆ ಜನ ಆ ಹೆಸರನ್ನು ಹೇಳಿಕೊಳ್ಳುವುದರಲ್ಲಿ ಅರ್ಥವಿದೆ. ಆ ಕಪ್ 2003ರವರೆಗೆ ನಡೆದು ಮರುವರ್ಷ ಇನ್ನೊಂದರ ಜೊತೆ ಸೇರಿ ಕಾನ್ಫೆಡರೇಷನ್ ಕಪ್ ಆಯಿತು. 2003ರಲ್ಲೂ 2004ರಲ್ಲೂ ಚಾಂಪಿಯನ್ಸ್ ಲೀಗ್ ಗೆದ್ದದ್ದು ನೈಜೀರಿಯಾದ ಆಬಾ ಪಟ್ಟಣದ ಎನಿಂಬಾ. ಅದಕ್ಕೆ ಮುಂಚೆ ಆ ಕಪ್ಪನ್ನು ಯಾವ ನೈಜೀರಿಯಾ ತಂಡವೂ ಗೆದ್ದಿರಲಿಲ್ಲ. ಕಲ್ಪೆಟ್ಟದಲ್ಲಿ ನಾನು ಕಂಡ ಹುಡುಗನಿಗೆ ಆಗ ಏಳೆಂಟು ವರ್ಷ ಇದ್ದಿರಬೇಕು. ರೇಡಿಯೋ ಮುಂದೆ ಕೂತು ಕೇಳಿದನೋ ಏನೋ, ಕೇಳಲು ನನಗೆ ಹೊಳೆಯಲಿಲ್ಲ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಪ್ರೀತಿಯಿಂದ ತಾನೇ ಕರೆಯುವುದು, ಅದರಲ್ಲೇನು ತಪ್ಪು ಎಂದು ನಮ್ಮ ಷಡ್ಡಕರು ವಾದಿಸಿದರು. ಪ್ರೀತಿ ಇಲ್ಲ ಎಂದು ನಾನು ಹೇಳುವುದಿಲ್ಲ. ಗ್ಯಾಲರಿಯ ಆ ಕೂಗಿನಲ್ಲಿ ಪ್ರೀತಿಯಿತ್ತು. ಆದರೆ ನಮ್ಮವರು ಗಲ್ಫಿಗೆ ಹೋದಾಗ ಏನಾಯಿತು? ಮಂಗಳೂರಿನವನಿರಲಿ, ಉಡುಪಿಯವನಿರಲಿ, ಅರಬನಿಗೆ ಎಲ್ಲರೂ ‘ಮಲಬಾರಿ’. ನನ್ನ ಗೆಳೆಯರೊಬ್ಬರು ಹದಿನೆಂಟು ವರ್ಷ ಕುವೈತಿನಲ್ಲಿದ್ದು ಬಂದವರು, ಈಗಲೂ ಆ ಮಾತು ಬಂದರೆ ಕೆಂಡವಾಗುತ್ತಾರೆ. ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದವರನ್ನು ಕೇಳಿ, ಅಲ್ಲಿ ‘ಮದ್ರಾಸಿ’. ಮದ್ರಾಸನ್ನೇ ನೋಡದವನು ಮದ್ರಾಸಿಯಾಗಿ ಮೂವತ್ತು ವರ್ಷ ತಟ್ಟೆ ತೊಳೆದು, ಮಕ್ಕಳನ್ನು ಓದಿಸಿ ಊರಿಗೆ ಬಂದ.

ಅಷ್ಟೇಕೆ, ನಮ್ಮ ಉತ್ತರ ಕನ್ನಡದ ಸಿದ್ದಿಗಳನ್ನು ನೋಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ ಕಡೆ ನೂರಾರು ವರ್ಷಗಳಿಂದ ಇರುವವರು, ಕನ್ನಡ ಕೊಂಕಣಿ ಮಾತಾಡುವವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮ ಹಾಗೆ ಭಾನುವಾರ ಪೂಜೆಗೆ ಹೋಗುವ ಕಥೋಲಿಕರೂ ಇದ್ದಾರೆ. 1987ರಲ್ಲಿ, ಮಾರ್ಗರೆಟ್ ಆಳ್ವ ಅವರು ಕ್ರೀಡಾ ಸಚಿವೆಯಾಗಿದ್ದ ಕಾಲದಲ್ಲಿ, ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ತಯಾರು ಮಾಡುವ ಯೋಜನೆ ಶುರುವಾಗಿತ್ತು. ಕೆಲವೇ ವರ್ಷಗಳಲ್ಲಿ ನಿಂತುಹೋಯಿತು, ಎಷ್ಟೋ ಮಕ್ಕಳು ಅರ್ಧ ದಾರಿಯಲ್ಲಿ ಮನೆಗೆ ಮರಳಿದರು. ಅವರಲ್ಲೊಬ್ಬರು ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ನಿಂತರೆ ಇಂದಿಗೂ ಯಾವ ದೇಶ ಎಂದು ಕೇಳುವವರು ಸಿಗುತ್ತಾರೆ. ಶುದ್ಧ ಕನ್ನಡದಲ್ಲಿ ಉತ್ತರ ಬಂದಾಗ ಕೇಳಿದವರು ತಬ್ಬಿಬ್ಬಾಗುತ್ತಾರೆ.

ಹೆಸರಿನ ಜೊತೆ ಬೇರೆ ವಿಷಯಗಳೂ ಅಂಟಿಕೊಂಡಿವೆ. ಸೆವೆನ್ಸ್ ಆಟಕ್ಕೆ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಮಾನ್ಯತೆ ಇಲ್ಲ. ಒಪ್ಪಂದ ಏನಿದ್ದರೂ ತಂಡದ ಮ್ಯಾನೇಜರಿಗೂ ಆಟಗಾರನಿಗೂ ನಡುವಿನದು. ಆಟಕ್ಕಿಷ್ಟು ಎಂದು ಕೂಲಿ. ಮೊಣಕಾಲು ಹೋದರೆ ಆ ಋತುವಿನ ಸಂಪಾದನೆಯೂ ಹೋಯಿತು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಗ್ಯಾಲರಿಗಳು ಖಾಲಿಯಾದಾಗ ಈ ಹುಡುಗರು ಮಲಬಾರಿನ ಬಾಡಿಗೆ ಕೋಣೆಗಳಲ್ಲಿ ಸಿಕ್ಕಿಬಿದ್ದರು. ಆಟವಿಲ್ಲ, ವಿಮಾನವಿಲ್ಲ. ಊರಿನವರೇ ಅಕ್ಕಿ ಬೇಳೆ ಕೊಟ್ಟು ನೋಡಿಕೊಂಡರು ಎಂಬುದನ್ನೂ ಹೇಳಬೇಕು. ಆದರೆ 2024ರ ಮಾರ್ಚಿನಲ್ಲಿ ಅದೇ ಮಲಪ್ಪುರಂ ಜಿಲ್ಲೆಯ ಅರೀಕ್ಕೋಡಿನ ಹತ್ತಿರ ಐವರಿ ಕೋಸ್ಟಿನ ಒಬ್ಬ ಆಟಗಾರ, ಪ್ರೇಕ್ಷಕರು ತನ್ನ ಬಣ್ಣ ಹೇಳಿ ಹೀಯಾಳಿಸಿದರು, ಅಟ್ಟಿಸಿಕೊಂಡು ಬಂದು ಹೊಡೆದರು ಎಂದು ಪೊಲೀಸರಿಗೆ ದೂರು ಕೊಟ್ಟ. ಅದರ ಚಿತ್ರ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಗೋಲು ಹೊಡೆದಾಗ ‘ನಮ್ಮ ಸುಡಾನಿ’, ಜಗಳವಾದಾಗ ಬೇರೆ ಹೆಸರು. ಸ್ವಂತ ಹೆಸರು ಗೊತ್ತಿಲ್ಲದವನನ್ನು ಹೊಡೆಯುವುದು ಸುಲಭ ಎಂದು ನನಗನಿಸುತ್ತದೆ. ವಯನಾಡಿನ ಸುಶಾಂತ್ ಮ್ಯಾಥ್ಯೂ 2014ರ ಡಿಸೆಂಬರಿನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಸೆಮಿಫೈನಲ್ಲಿನಲ್ಲಿ ಚೆನ್ನೈ ಮೇಲೆ ದೂರದಿಂದ ಹೊಡೆದ ಗೋಲನ್ನು ಅಲ್ಲಿನವರು ಇಂದಿಗೂ ಅವನ ಹೆಸರು ಹೇಳಿಯೇ ನೆನೆಯುತ್ತಾರೆ. ಆಟಗಾರನಿಗೆ ಅಷ್ಟು ಸಾಕು.

ನಿಜವಾದ ಸುಡಾನಿಗಳ ಕಥೆ ಮುಂದೇನಾಯಿತು? ನಾನು ವಯನಾಡಿನಿಂದ ಬಂದ ಎರಡು ತಿಂಗಳಿಗೆ, 2023ರ ಏಪ್ರಿಲ್ 15ರಂದು, ಖಾರ್ಟೂಮಿನಲ್ಲಿ ಸೈನ್ಯದ ಎರಡು ಬಣಗಳ ನಡುವೆ ಯುದ್ಧ ಶುರುವಾಯಿತು. ಆಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮವರೂ ಇದ್ದರು: ಹುಣಸೂರು, ಶಿವಮೊಗ್ಗ, ದಾವಣಗೆರೆ ಕಡೆಯ ಹಕ್ಕಿಪಿಕ್ಕಿ ಜನ, ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದವರು. ಸರ್ಕಾರ ‘ಆಪರೇಷನ್ ಕಾವೇರಿ’ ಎಂದು ಹೆಸರಿಟ್ಟು 3,800ಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಂದ ಕರೆತಂದಿತು. ನಮ್ಮವರು ಬಂದರು, ಸುಡಾನಿನವರು ಎಲ್ಲಿಗೆ ಹೋಗಬೇಕು? ಒಮ್ದುರ್ಮಾನ್ ರಣರಂಗವಾಯಿತು. ಚಂದ್ರನವರೂ ಮಂಗಳದವರೂ ಊರು ಬಿಟ್ಟರು. 2024-25ರಲ್ಲಿ ಈ ಎರಡೂ ಕ್ಲಬ್ಬುಗಳು ಸಾವಿರಾರು ಕಿಲೋಮೀಟರ್ ದೂರದ ಮಾರಿಟಾನಿಯಾ ದೇಶದ ಲೀಗಿನಲ್ಲಿ ಅತಿಥಿಗಳಾಗಿ ಆಡಿದವು. ಆಫ್ರಿಕಾ ಚಾಂಪಿಯನ್ಸ್ ಲೀಗಿನಲ್ಲಿ ಅಲ್ ಹಿಲಾಲ್ ತನ್ನ ‘ತವರಿನ’ ಆಟಗಳನ್ನು ಆಡಿದ್ದೂ ಆ ಪರದೇಶದಲ್ಲೇ. ಸುಡಾನಿ ಎಂಬ ಹೆಸರು ನಿಜಕ್ಕೂ ಯಾರದೋ ಅವರಿಗೆ ಈಗ ಉಳಿದಿರುವುದು ಬಹುತೇಕ ಆ ಹೆಸರೇ.

ಈ ಅಂಕಣ ಬರೆಯಲು ಕೂತಾಗ ಕಲ್ಪೆಟ್ಟದ ಆ 9ನೇ ನಂಬರಿನವನ ಹೆಸರನ್ನು ಬರೆಯೋಣವೆಂದುಕೊಂಡೆ. ನೆನಪಾಗಲಿಲ್ಲ. ಆತ ಹೇಳಿದ್ದು ನಿಜ, ನಾನು ಕೇಳಿ ತಲೆಯಾಡಿಸಿದ್ದೂ ನಿಜ. ಬೆಳಿಗ್ಗೆ ಬಂಡೀಪುರದ ಗೇಟು ದಾಟುವ ಹೊತ್ತಿಗೇ ಮರೆತಿದ್ದೆನೇನೋ. ಷಡ್ಡಕರ ಮಗನಿಗೆ ಫೋನು ಮಾಡಿದೆ. ಅವನಿಗೆ ಆ ಎರಡು ಗೋಲೂ ನೆನಪಿತ್ತು, ಯಾವ ಕಾಲಿನಲ್ಲಿ ಹೊಡೆದನೆಂಬುದೂ ನೆನಪಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ. ನಾನೇ ಒತ್ತಾಯ ಮಾಡಿ, ಕ್ಲಬ್ಬಿನವರ ಹತ್ತಿರ ಆ ವರ್ಷದ ಲೆಕ್ಕದ ಪುಸ್ತಕ ಇರುತ್ತದಲ್ಲ, ನೋಡಪ್ಪಾ ಎಂದೆ. ಎರಡು ದಿನ ಬಿಟ್ಟು ಅವನೇ ಫೋನು ಮಾಡಿದ.

“ದೊಡ್ಡಪ್ಪಾ, ಪುಸ್ತಕ ಸಿಕ್ತು. ಊರಿನ ಐದು ಜನರದ್ದೂ ಹೆಸರಿದೆ. ಕೆಳಗಡೆ ‘ಸುಡಾನಿ ಒಂದು, ಸುಡಾನಿ ಎರಡು’ ಅಂತ ಬರೆದು ದುಡ್ಡು ಹಾಕಿದ್ದಾರೆ. ಅಷ್ಟೇ ಇರೋದು.”